ರೀಡಿಗೆ ಕಾನಸು ಹಚ್ಚುವ ಮೊದಲು

ಕೊಪ್ಪಳ ಜಿಲ್ಲೆಯ ಬೇವೂರಿನ ಸುತ್ತಮುತ್ತ, ಯಲಬುರ್ಗಿ, ಕುಷ್ಟಗಿ ಸೀಮೆಯ ಯಾವ ಹಳ್ಳಿಯಲ್ಲಿ ಹಳೆಯ ನಾಟಕಗಳ ಮಾತು ತೆಗೆದರೂ ಪಾತ್ರ ಮಾಡಿದವರ ಹೆಸರಿನ ಬೆನ್ನಿಗೇ ಪೇಟಿ ಮಾಸ್ತರರ, ಅಂದರೆ ಹಾರ್ಮೋನಿಯಂ ನುಡಿಸುವವರ, ಹೆಸರು ಬರುತ್ತದೆ. ಸುಗ್ಗಿ ಮುಗಿದು ಜಾತ್ರೆ ಹತ್ತಿರವಾಗುವ ಹೊತ್ತಿಗೆ ಊರಿನ ಹುಡುಗರಿಗೆ ವಾರಗಟ್ಟಲೆ ತಾಲೀಮು ಕೊಟ್ಟು, ಹಾಡು ಬಾರದವನ ಬಾಯಿಂದಲೂ ಹಾಡು ಹೊರಡಿಸಿ, ನಾಟಕದ ರಾತ್ರಿ ರಂಗದ ಮುಂದೆ ಕಾಲಪೇಟಿಗೆ ಕೂತು ಬೆಳಕು ಹರಿಯುವವರೆಗೆ ತುಳಿದವರು ಅವರು. ಇವತ್ತು ಅದೇ ಹಳ್ಳಿಗಳ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ಕ್ಯಾಸಿಯೋ ನುಡಿಸುವವರ ಹೆಸರೂ ರಿದಂ ಪ್ಯಾಡಿನವರ ಹೆಸರೂ ಅಚ್ಚಾಗುತ್ತವೆ. ಕಾಲಪೇಟಿಗಳು ಗುಡಿಯ ಅಟ್ಟ ಸೇರಿವೆ, ಇಲ್ಲವೆ ಮಾಸ್ತರರ ಮಕ್ಕಳ ಪಡಸಾಲೆಯಲ್ಲಿ ಜೋಳದ ಚೀಲ ಹೊತ್ತು ನಿಂತಿವೆ. ಅವನ್ನು ಹೊರಗೆಳೆದು ದುರಸ್ತಿ ಮಾಡಿಸಬೇಕೆಂಬ ಆಸೆ ಈಗ ಅಲ್ಲಲ್ಲಿ ಹುಟ್ಟಿಕೊಂಡಿದೆ. ಆಸೆ ಒಳ್ಳೆಯದೇ. ಆದರೆ ದುರಸ್ತಿಯ ಹೆಸರಿನಲ್ಲಿ ಆಗುವುದನ್ನು ನೆನೆದಾಗ ನನಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಪೇಟಿಯಲ್ಲಿ ಏನನ್ನಾದರೂ ಬದಲಿಸಿ, ಬೇಡವೆನಿಸಿದಾಗ ಮೊದಲಿನ ಹಾಗೆ ಮಾಡಲು ಬರುವಂತಿದ್ದರೆ ಸಾಕು. ಹಾಗೆ ಹಿಂದಕ್ಕೆ ತರಲಾಗದ ಕೆಲಸ ಒಂದಿದೆ, ಅದು ರೀಡು ಕೆರೆಯುವುದು. ನಮ್ಮ ಕಡೆ ದುರಸ್ತಿಗೆ ಬಂದ ಪೇಟಿಗೆ ಮೊದಲು ಮಾಡುವ ಕೆಲಸವೂ ಅದೇ ಆಗಿರುವುದು ನನ್ನ ತಕರಾರು.

ರೀಡು ಎಂದರೇನು ಎಂಬುದನ್ನು ಪೇಟಿ ಬಿಚ್ಚಿ ನೋಡದವರಿಗಾಗಿ ಹೇಳಬೇಕು. ಒಂದು ಹಿತ್ತಾಳೆಯ ಪಟ್ಟಿ, ಅದರ ನಡುವೆ ಉದ್ದನೆಯ ಸೀಳು, ಆ ಸೀಳಿನ ಮೇಲೆ ಒಂದು ತುದಿಗೆ ಮಾತ್ರ ರಿವೆಟ್ ಹೊಡೆದು ಕೂರಿಸಿದ ತೆಳುವಾದ ಹಿತ್ತಾಳೆಯ ನಾಲಿಗೆ. ತಿದಿಯ ಗಾಳಿ ಸೀಳಿನಲ್ಲಿ ನುಗ್ಗಿದಾಗ ನಾಲಿಗೆ ಕಂಪಿಸುತ್ತದೆ, ಸ್ವರ ಹುಟ್ಟುತ್ತದೆ. ಉದ್ದನೆಯ ದಪ್ಪ ನಾಲಿಗೆ ಖರ್ಜದ ಸ್ವರ ಕೊಟ್ಟರೆ ಚಿಕ್ಕ ನಾಲಿಗೆ ತಾರದ್ದು ಕೊಡುತ್ತದೆ. ಸ್ವರ ಏರಿಸಬೇಕಾದರೆ ನಾಲಿಗೆಯ ತುದಿಯಲ್ಲಿ ಕಾನಸಿನಿಂದ, ಅಂದರೆ ಅರದಿಂದ, ಸ್ವಲ್ಪ ಲೋಹ ಕೆರೆಯುತ್ತಾರೆ. ತುದಿ ಹಗುರಾಗಿ ಕಂಪನ ಬಿರುಸಾಗುತ್ತದೆ. ಇಳಿಸಬೇಕಾದರೆ ರಿವೆಟ್ಟಿನ ಬುಡದ ಕಡೆ ಕೆರೆಯುತ್ತಾರೆ. ಬುಡ ಬಳುಕಿ ಕಂಪನ ನಿಧಾನವಾಗುತ್ತದೆ. ಎರಡೂ ಸಲ ಆಗುವುದು ಲೋಹ ಕಳೆಯುವ ಕೆಲಸವೇ. ತಂತಿವಾದ್ಯದ ಹಾಗೆ ಬಿರಡೆ ತಿರುವಿ ಬಿಗಿ ಮಾಡುವುದು, ಸಡಿಲಿಸುವುದು ಇಲ್ಲಿ ಇಲ್ಲ. ಇವತ್ತು ತುದಿ ಕೆರೆದು ಏರಿಸಿದ್ದನ್ನು ನಾಳೆ ಬುಡ ಕೆರೆದು ಇಳಿಸಬಹುದು ನಿಜ, ಆದರೆ ಹೀಗೆ ನಾಲ್ಕು ಕೈ ಬದಲಾದ ರೀಡಿನಲ್ಲಿ ಉಳಿಯುವುದು ಬಲ ಕಳೆದುಕೊಂಡ ತಗಡು. ಅದು ತಡವಾಗಿ ದನಿ ಬಿಡುತ್ತದೆ, ಜೋರಾಗಿ ತುಳಿದರೆ ಸ್ವರ ತಪ್ಪುತ್ತದೆ, ಕೊನೆಗೆ ಬುಡದಲ್ಲಿ ಬಿರುಕು ಬಿಟ್ಟು ಒಂದು ದಿನ ಉಸಿರು ನಿಲ್ಲಿಸುತ್ತದೆ. ಒಂದೊಂದು ಸ್ವರಕ್ಕೂ ಎರಡು, ಕೆಲವು ಪೇಟಿಗಳಲ್ಲಿ ಮೂರು ರೀಡುಗಳ ಸಾಲು ಇರುವುದರಿಂದ, ಒಂದು ಪೇಟಿಗೆ ಕಾನಸು ಹಚ್ಚುವುದೆಂದರೆ ನೂರರ ಸುಮಾರಿನ ನಾಲಿಗೆಗಳನ್ನು ಸವೆಸುವುದು.

ಇಷ್ಟು ಕೇಳಿದ ಕೂಡಲೇ ಒಂದು ಗುಂಪು ನನ್ನನ್ನು ತಮ್ಮವನೆಂದು ತಿಳಿಯಬಹುದು. ಹಳೆಯ ವಾದ್ಯವನ್ನು ಇದ್ದ ಹಾಗೆಯೇ ಇಡಬೇಕು, ಒಂದು ಮೊಳೆಯನ್ನೂ ಬದಲಿಸಬಾರದು ಎನ್ನುವವರ ಗುಂಪು ಅದು. ನಾನು ಅವರ ಪಕ್ಷದವನಲ್ಲ. ಕಾರಣ, ಪೇಟಿಯ ಇತಿಹಾಸವೇ ಬದಲಾವಣೆಗಳ ಇತಿಹಾಸ. ಗಾಳಿಗೆ ಕಂಪಿಸುವ ಬಿಡಿ ನಾಲಿಗೆಯ ಉಪಾಯ ಚೀನಾದ ಶೆಂಗ್ ಎಂಬ ಬಾಯಿವಾದ್ಯದಲ್ಲಿ ಬಹಳ ಹಿಂದಿನಿಂದಲೇ ಇತ್ತು. 1840ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಕಾಲಿನಿಂದ ತುಳಿಯುವ ಪೆಟ್ಟಿಗೆಗೆ ಹಾರ್ಮೋನಿಯಂ ಎಂದು ಹೆಸರಿಟ್ಟು ಪೇಟೆಂಟ್ ಪಡೆದ. ಚರ್ಚು, ಮಿಷನ್ನು, ಸಾಹೇಬರ ಬಂಗಲೆಗಳ ದಾರಿಯಲ್ಲಿ ಅದು ಇಲ್ಲಿಗೆ ಬಂತು. 1875ರ ಸುಮಾರಿಗೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ಕಟ್ಟಿ, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದರಿಂದ ನುಡಿಸುವ ಕೈಪೇಟಿಯ ರೂಪ ಕೊಟ್ಟ. ಆಮೇಲೆ ಆಧಾರ ಶ್ರುತಿಗೆ ಬೇರೆ ಬಿರಡೆಗಳು ಬಂದವು, ಬೆರಳಿನಿಂದ ಒತ್ತುವ ಪಟ್ಟಿಗಳ ಸಾಲನ್ನೇ ಸರಿಸುವ ಸ್ಕೇಲ್ ಚೇಂಜರ್ ಬಂತು. ಮನೋಹರ ಚಿಮೋಟೆ ಅದಕ್ಕೆ ಸ್ವರಮಂಡಲದ ತಂತಿ ಸೇರಿಸಿ ಸಂವಾದಿನಿ ಎಂದು ಕರೆದರು. ವಿದ್ಯಾಧರ ಓಕ್ 22 ಶ್ರುತಿ ಹೊರಡಿಸುವ ಹಾರ್ಮೋನಿಯಂ ಮಾಡಿಸಿದರು. ಇದರಲ್ಲಿ ಯಾವ ಹಂತದಲ್ಲಿ ನಿಲ್ಲಿಸಿ ಇದೇ ಮೂಲ ಎನ್ನುವುದು? ಮೂಲವೆಂದು ಹಟ ಹಿಡಿದರೆ ನಮ್ಮ ಭಜನೆಯ ಕೈಪೇಟಿಯನ್ನೇ ಬಿಟ್ಟುಕೊಡಬೇಕಾಗುತ್ತದೆ.

ಉತ್ತರ ಕರ್ನಾಟಕದ ವೃತ್ತಿನಾಟಕಗಳು ಕೈಪೇಟಿ ಇದ್ದೂ ಕಾಲಪೇಟಿಯನ್ನೇ ಇಟ್ಟುಕೊಂಡದ್ದು ಕೂಡ ಒಂದು ಆಯ್ಕೆ, ಅದಕ್ಕೆ ಬಲವಾದ ಕಾರಣಗಳಿದ್ದವು. ಮರಾಠಿ ಸಂಗೀತ ನಾಟಕಗಳ ಆರ್ಗನ್ ನೋಡಿ, ಕೇಳಿ ಬೆಳೆದ ಹುಬ್ಬಳ್ಳಿ, ಬೆಳಗಾವಿ, ಗದಗಿನ ಕಂಪನಿಗಳಿಗೆ ಮೈಕು ಇಲ್ಲದ ಕಾಲದಲ್ಲಿ ಡೇರೆಯ ಕಟ್ಟಕಡೆಯ ಚಾಪೆಯವನಿಗೂ ಮುಟ್ಟುವ ದನಿ ಬೇಕಿತ್ತು. ಕಾಲಿನಿಂದ ತುಳಿದರೆ ಎರಡೂ ಕೈ ಖಾಲಿ. ಬಲಗೈ ನಟನ ಹಾಡಿನ ಹಿಂದೆ ಓಡುವಾಗ ಎಡಗೈ ಅದಕ್ಕೆ ತುಂಬು ಕೊಡಬಹುದು. ಜನ ‘ವನ್ಸ್ ಮೋರ್’ ಎಂದು ಕೂಗಿದಾಗ ಅದೇ ಹಾಡನ್ನು ಮತ್ತೆ ಎತ್ತಬೇಕು. ಕರಿ ಎರಡರಲ್ಲಿ ಹಾಡುವ ನಾಯಕ ಹೋಗಿ ಕರಿ ಐದರ ನಾಯಕಿ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಷಡ್ಜ ಬದಲಿಸಬೇಕು. ಇದು ಸಾಧ್ಯವಾದದ್ದು ಪೇಟಿಯ ಹನ್ನೆರಡು ಸ್ವರಗಳ ನಡುವಣ ಅಂತರ ಸಮಸಮನಾಗಿದ್ದುದರಿಂದ. ಶಾಸ್ತ್ರೀಯ ಸಂಗೀತದ ಪಂಡಿತರು ಪೇಟಿಯ ಮೇಲೆ ಹೊರಿಸಿದ ದೊಡ್ಡ ಆರೋಪವೂ ಇದೇ. ಪೇಟಿಯ ಶುದ್ಧ ಗಾಂಧಾರ ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಅರೆಸ್ವರದ ಏಳನೇ ಒಂದು ಭಾಗದಷ್ಟು ಮೇಲಿದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅಂತೂ ಅದರಲ್ಲಿ ಇಲ್ಲವೇ ಇಲ್ಲ. ರವೀಂದ್ರನಾಥ ಠಾಕೂರರಿಗೂ ಅದು ಸೇರುತ್ತಿರಲಿಲ್ಲ. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಿತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಬಾಗಿಲು ಮುಚ್ಚಿಯೇ ಇತ್ತು. 1971ರಲ್ಲಿ ಅರ್ಧ ತೆರೆಯಿತು, ಅದೂ ಪಕ್ಕವಾದ್ಯವಾಗಿ. ಅಷ್ಟು ವರ್ಷ ರೇಡಿಯೋ ಒಲ್ಲದ ವಾದ್ಯವನ್ನು ನಾಟಕದ ಕಂಪನಿಗಳೂ ಭಜನಾ ಮೇಳಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಸಂಗೀತದ ಮನೆಗಳೂ ಸಾಕಿಕೊಂಡವು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಅಂಧ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಡಲು ಸ್ವಂತ ನಾಟಕ ಕಂಪನಿಯನ್ನೇ ನಡೆಸಿತು. ಮಲ್ಲಿಕಾರ್ಜುನ ಮನ್ಸೂರರು ಹುಡುಗರಾಗಿದ್ದಾಗ ಹಾಡಿದ್ದು ನಾಟಕ ಕಂಪನಿಯಲ್ಲಿ. ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥವರು ಅದೇ ಪೇಟಿಯನ್ನು ಖಯಾಲಿನ ದೊಡ್ಡ ಗಾಯಕರ ಪಕ್ಕಕ್ಕೆ ಒಯ್ದು ಕೂರಿಸಿದರು. ಹೀಗಾಗಿ ಪೇಟಿಯ ದೋಷ ಎನ್ನಿಸಿಕೊಂಡದ್ದು ಬೇರೊಂದು ರಂಗದಲ್ಲಿ ಅದರ ಗುಣವಾಯಿತು. ಈ ಕಾರಣಕ್ಕೇ, ಕಂಪನಿಯ ಕಾಲಪೇಟಿಯನ್ನು ತಂಬೂರಿಯ ಗಾಂಧಾರಕ್ಕೆ ಹೊಂದುವ ಗಾಂಧಾರ ಟ್ಯೂನಿಂಗಿಗೆ ತರುತ್ತೇನೆಂದು ಇಂದು ಹೊರಡುವ ಶಾಸ್ತ್ರೀಯ ಮನಸ್ಸಿನವರ ಉಪಕಾರಕ್ಕೆ ನಾನು ಕೈಮುಗಿಯುತ್ತೇನೆ. ಒಂದು ಷಡ್ಜಕ್ಕೆ ಗಾಂಧಾರ ಹದವಾದರೆ ಇನ್ನೊಂದು ಷಡ್ಜಕ್ಕೆ ಪೇಟಿ ಕೆಡುತ್ತದೆ. ಆ ಹದ ಬೇಕಾದವರು ಅದಕ್ಕೆಂದೇ ಮಾಡಿದ ಹೊಸ ಪೇಟಿ ಕೊಳ್ಳಲಿ.

ಹಳೆಯ ವಸ್ತುವಿನ ಮೈಯಲ್ಲಿ ಕೆಡಿಸದೆ ಬದಲಿಸುವುದು ಯಾವುದು, ಕೆಡಿಸುವುದು ಯಾವುದು ಎಂಬ ವಿವೇಕ ನಮಗೆ ಹೊಸದಲ್ಲ. ಕೊಪ್ಪಳದ ಹತ್ತಿರದ ಕಿನ್ನಾಳದ ಚಿತ್ರಗಾರರನ್ನು ನೋಡಿ. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಮೆತ್ತಿ ಮೈ ತಿದ್ದಿ, ಮೇಲೆ ಬಣ್ಣ ಕೊಡುವ ಕಸುಬು ಅದು. ಹಳ್ಳಿಗಳ ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳಿಗೆ ಜಾತ್ರೆಯ ಮುಂಚೆ ಹೊಸ ಬಣ್ಣ ಹಚ್ಚಿಸುವ ರೂಢಿ ನಮ್ಮ ಸೀಮೆಯಲ್ಲಿ ಹಳೆಯದು. ಬಣ್ಣ ಹೋದರೆ ಬಣ್ಣ, ಕಿಟ್ಟ ಉದುರಿದರೆ ಕಿಟ್ಟ, ಬಳೆ ಮಾಸಿದರೆ ಬಳೆ; ಎಲ್ಲವೂ ಹೊಸದಾಗುತ್ತದೆ, ಯಾರೂ ಅದನ್ನು ಮೂಲಕ್ಕೆ ಬಗೆದ ದ್ರೋಹ ಎನ್ನುವುದಿಲ್ಲ. ಆದರೆ ಈಗಿನ ರುಚಿಗೆ ಮೂಗು ಇನ್ನಷ್ಟು ಚೂಪಿರಲೆಂದು ಮರಕ್ಕೇ ಉಳಿ ಇಡುವ ಚಿತ್ರಗಾರನನ್ನು ಊರು ಒಪ್ಪುವುದಿಲ್ಲ. ಪೇಟಿಯಲ್ಲಿ ರೀಡು ಎಂದರೆ ಆ ಮೂಗು.

ಇದೇ ಪಾಠವನ್ನು ಎಲೆಕ್ಟ್ರಿಕ್ ಗಿಟಾರಿನ ಜಗತ್ತು ನಮಗಿಂತ ಮೊದಲು, ದೊಡ್ಡ ನಷ್ಟ ಕೊಟ್ಟು ಕಲಿತಿದೆ. ಆ ವಾದ್ಯ ಹುಟ್ಟಿದ ಕಾರಣ ಕಾಲಪೇಟಿ ಕಂಪನಿ ಸೇರಿದ ಕಾರಣವೇ: ಗದ್ದಲದ ನಡುವೆ ಕೇಳಿಸಬೇಕು. ತಂತಿಯ ಕಂಪನವನ್ನು ಅಯಸ್ಕಾಂತ, ತಾಮ್ರದ ಸುರುಳಿಗಳ ಪಿಕಪ್ಪಿನಿಂದ ವಿದ್ಯುತ್ತಾಗಿ ಹಿಡಿದ ರಿಕನ್‌ಬ್ಯಾಕರ್ ಕಂಪನಿಯ ಬಾಣಲೆ ಆಕಾರದ ಗಿಟಾರು 1932ರಲ್ಲಿ ಮಾರಾಟಕ್ಕೆ ಬಂತು. 1954ರಲ್ಲಿ ಫೆಂಡರ್ ಕಂಪನಿ ಸ್ಟ್ರಾಟೋಕಾಸ್ಟರ್ ಹೊರತಂದಾಗ ಅದರ ಕುತ್ತಿಗೆಯನ್ನು ನಾಲ್ಕು ಸ್ಕ್ರೂಗಳಿಂದ ಮೈಗೆ ಬಿಗಿದಿತ್ತು, ಪಿಕಪ್ಪುಗಳನ್ನೆಲ್ಲ ಒಂದೇ ಫಲಕಕ್ಕೆ ಕೂರಿಸಿತ್ತು. ಸವೆದದ್ದನ್ನು ಬಿಚ್ಚು, ಹೊಸದು ಹಾಕು ಎಂಬುದೇ ಅದರ ವಿನ್ಯಾಸ. ನಮ್ಮ ಪೇಟಿಯೂ ಹಾಗೆಯೇ. ರೀಡುಗಳು ಸ್ಕ್ರೂನಿಂದ ರೀಡು ಬೋರ್ಡಿಗೆ ಕೂತಿರುತ್ತವೆ, ಪಟ್ಟಿಗಳು ಕಂಬಿಯೆಳೆದರೆ ಹೊರಬರುತ್ತವೆ. 1970ರ ದಶಕದಲ್ಲಿ ದಪ್ಪ ದನಿಯ ಹಂಬಕರ್ ಪಿಕಪ್ಪಿನ ಹುಚ್ಚು ಹತ್ತಿದ ಗಿಟಾರಿಗರು, ಅದು ಹಿಡಿಸುವಂತೆ 1950ರ ದಶಕದ ಗಿಟಾರುಗಳ ಮೈಯನ್ನೇ ಕೊರೆಸಿದರು. ಅಂದು ಅವು ಬರೀ ಹಳೆಯ ಗಿಟಾರುಗಳು, ಇಂದು ಅವುಗಳ ಬೆಲೆ ಕೇಳಿದರೆ ಜಮೀನು ನೆನಪಾಗುತ್ತದೆ, ಕೊರೆದವುಗಳ ಬೆಲೆ ಮಾತ್ರ ಬಿದ್ದುಹೋಗಿದೆ. ಪಿಕಪ್ಪು ಬದಲಿಸಿ ಹಳೆಯದನ್ನು ಪೆಟ್ಟಿಗೆಯಲ್ಲಿಟ್ಟವರಿಗೆ ನಷ್ಟವಾಗಲಿಲ್ಲ. ಇನ್ನೊಂದು ತುದಿಯಲ್ಲಿ, 1995ರಿಂದ ಫೆಂಡರ್ ತಾನೇ ಹೊಸ ಗಿಟಾರಿಗೆ ಗೀರು, ತುಕ್ಕು, ಬಣ್ಣ ಹೋದ ಕಲೆ ಮಾಡಿಸಿ ಹಳೆಯದರಂತೆ ಮಾರತೊಡಗಿತು. ನಕಲಿ ಮುಪ್ಪಿಗೂ ಗಿರಾಕಿಯಿದೆ! ನಾನು ಮೆಚ್ಚುವುದು ಇವೆರಡನ್ನೂ ಬಿಟ್ಟ ಉದಾಹರಣೆಯನ್ನು. ಕ್ವೀನ್ ಎಂಬ ರಾಕ್ ತಂಡದ ಬ್ರಯಾನ್ ಮೇ 1963ರಲ್ಲಿ ತಂದೆಯ ಜೊತೆಗೂಡಿ ಹಳೆಯ ಬೆಂಕಿಗೂಡಿನ ಮರದಿಂದ ಕುತ್ತಿಗೆ ಮಾಡಿ ಕಟ್ಟಲು ತೊಡಗಿದ ಗಿಟಾರನ್ನೇ ಅಂದಿನಿಂದ ನುಡಿಸುತ್ತ ಬಂದಿದ್ದಾನೆ. ಅದಕ್ಕೂ ದುರಸ್ತಿಗಳಾಗಿವೆ, ಆದರೆ ಅದರ ದನಿ ಎಲ್ಲಿಂದ ಬರುತ್ತದೆ ಎಂದು ತಿಳಿದವರ ಕೈಯಲ್ಲಿ ಆಗಿವೆ.

ಈಗ ಕಾನಸು ಯಾಕೆ ಹೊರಬರುತ್ತದೆ ಎಂಬ ಮುಖ್ಯ ವಿಷಯಕ್ಕೆ ಬರೋಣ. ಅಟ್ಟದಿಂದ ಇಳಿಸಿದ ಪೇಟಿಯನ್ನು ಕ್ಯಾಸಿಯೋ ಪಕ್ಕ ಇಟ್ಟು ಒಂದೇ ಪಟ್ಟಿ ಒತ್ತಿದರೆ ಸ್ವರ ಕೂಡುವುದಿಲ್ಲ. ಎಲ್ಲರೂ ತಕ್ಷಣ ಪೇಟಿ ಇಳಿದಿದೆ, ಹಳೆಯದಾಗಿ ಸ್ವರ ಸತ್ತಿದೆ ಎನ್ನುತ್ತಾರೆ. ಎಷ್ಟೋ ಸಲ ಅದು ಸತ್ತಿರುವುದಿಲ್ಲ, ತನ್ನ ಕಾಲದ ಸ್ವರದಲ್ಲಿ ಸರಿಯಾಗಿಯೇ ಇರುತ್ತದೆ. ಇಂದು ಲೋಕವೆಲ್ಲ ಒಪ್ಪಿರುವ ಅಳತೆಯಲ್ಲಿ ಮಧ್ಯ ಸಪ್ತಕದ ಬಿಳಿ ಆರು ಪಟ್ಟಿ ಸೆಕೆಂಡಿಗೆ 440 ಸಲ ಕಂಪಿಸಬೇಕು. ಈ ಒಪ್ಪಂದ ಆದದ್ದು 1939ರಲ್ಲಿ, ಲಂಡನ್ನಿನ ಒಂದು ಸಮ್ಮೇಳನದಲ್ಲಿ. ಅದಕ್ಕೆ ಮುಂಚೆ ಫ್ರಾನ್ಸ್ 1859ರಲ್ಲೇ ಸರ್ಕಾರಿ ಆಜ್ಞೆಯಿಂದ 435 ಎಂದು ಗೊತ್ತುಮಾಡಿತ್ತು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಎಷ್ಟೋ ವಾದ್ಯಗಳು 452ರ ಆಸುಪಾಸು ಇದ್ದವು. ಪ್ಯಾರಿಸ್ ರೀಡು ಎಂದು ನಮ್ಮ ಮಾಸ್ತರರು ಹೆಮ್ಮೆಯಿಂದ ಹೇಳುತ್ತಿದ್ದ ರೀಡುಗಳು ಫ್ರಾನ್ಸಿನ ಅಳತೆಗೆ ಹುಟ್ಟಿದವು. 435ಕ್ಕೂ 440ಕ್ಕೂ ಇರುವ ವ್ಯತ್ಯಾಸ ಅರೆಸ್ವರದ ಐದನೇ ಒಂದು ಭಾಗ. ಎರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಐದು ಸಲ ಅಲೆ ಏಳುತ್ತದೆ, ಯಾವ ಕಿವಿಗೂ ಅದು ನಡುಕದ ಹಾಗೆ ಕೇಳುತ್ತದೆ. ದುರಸ್ತಿಯವರು ಮಾಡುವ ಸುಲಭದ ಕೆಲಸವೆಂದರೆ ನೂರರಷ್ಟು ನಾಲಿಗೆಗಳ ತುದಿ ಕೆರೆದು ಪೇಟಿಯನ್ನು 440ಕ್ಕೆ ಏರಿಸುವುದು. ಇಂಗ್ಲೆಂಡಿನ ಪೇಟಿಯಾದರೆ ಅರ್ಧ ಅರೆಸ್ವರದ ಹತ್ತಿರ ಇಳಿಸಬೇಕು, ಅಂದರೆ ಬುಡ ಕೆರೆಯಬೇಕು, ರೀಡಿಗೆ ಅತಿ ಅಪಾಯದ ಜಾಗ ಅದು. ಇಷ್ಟೆಲ್ಲ ಯಾಕಾಗಿ? ಪಕ್ಕದಲ್ಲಿರುವ ಕ್ಯಾಸಿಯೋಗೆ ಹೊಂದಲಿ ಎಂದು. ಆದರೆ ಅದೇ ಕ್ಯಾಸಿಯೋದ ಒಳಗೆ ಟ್ಯೂನಿಂಗ್ ಎಂಬ ಒಂದು ಆಯ್ಕೆ ಇದೆ. ಗುಂಡಿ ಒತ್ತಿ ಅದರ ಇಡೀ ಸ್ವರಮಾಲೆಯನ್ನು ಕೂದಲೆಳೆಯಷ್ಟು ಏರಿಸಬಹುದು, ಇಳಿಸಬಹುದು. ಇಂದಿನ ಬಹುತೇಕ ಕೀಬೋರ್ಡುಗಳಲ್ಲಿ ಇದು ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಮತ್ತೆ 440ಕ್ಕೆ ತರಲು ಅರೆಗಳಿಗೆ ಸಾಕು. ಒಂದು ವಾದ್ಯ ಗುಂಡಿ ಒತ್ತಿದರೆ ಬಾಗುತ್ತದೆ, ಇನ್ನೊಂದು ಬಾಗಬೇಕಾದರೆ ಮೈಯ ಲೋಹ ಕೊಡಬೇಕು. ಬಾಗಬೇಕಾದದ್ದು ಯಾವುದು ಎಂದು ಕೇಳುವ ಅಗತ್ಯವೇ ಇರಬಾರದು, ಆದರೂ ನಮ್ಮಲ್ಲಿ ಬಾಗುತ್ತಿರುವುದು ಪೇಟಿ.

ಇದಕ್ಕೆ ಬರುವ ಆಕ್ಷೇಪಣೆಗಳು ಹಗುರಾದವಲ್ಲ. ಮೊದಲನೆಯದು ನುಡಿಸುವವರದೇ. ರಾತ್ರಿ ನಾಟಕ, ಕ್ಯಾಸಿಯೋದವರು ಗಂಗಾವತಿಯಿಂದಲೋ ಹೊಸಪೇಟೆಯಿಂದಲೋ ಬಾಡಿಗೆಗೆ ಬರುವವರು, ನಿಮ್ಮ ಪೇಟಿಗಾಗಿ ಅವರ ವಾದ್ಯ ಇಳಿಸಿ ಎಂದರೆ ಒಪ್ಪುತ್ತಾರೆಯೇ? ಕೊಳಲಿನವನಿದ್ದರೆ ಅವನ ಕೊಳಲು 440ರದು, ಅವನೇನು ಮಾಡಬೇಕು? ಪ್ರಶ್ನೆ ನ್ಯಾಯವಾದದ್ದು. ಕೊಳಲಿನವನಿಗೆ ತುಟಿಯಿಂದ ಅಷ್ಟು ಇಳಿಸಿ ಊದುವುದು ಅಸಾಧ್ಯವಲ್ಲ, ಆದರೂ ಇಡೀ ರಾತ್ರಿ ಹಾಗೆ ಊದೆನ್ನುವುದು ಸರಿಯಲ್ಲ. ಅಂಥ ಮೇಳಕ್ಕೆ ನಾನು ಹೇಳುವ ದಾರಿ ಬೇರೆ: ಹಳೆಯ ರೀಡುಗಳನ್ನು ಸಾಲಾಗಿ ಬಿಚ್ಚಿ, ಗುರುತು ಹಾಕಿ, ಬಟ್ಟೆಯಲ್ಲಿ ಸುತ್ತಿ ತೆಗೆದಿಡಿ, 440ಕ್ಕೆ ಮಾಡಿದ ಹೊಸ ರೀಡುಗಳನ್ನು ಹೊಸ ರೀಡು ಬೋರ್ಡಿನ ಮೇಲೆ ಕೂರಿಸಿ ಅದೇ ಪೇಟಿಯೊಳಗೆ ಇಡಿ. ಗುಜರಾತಿನ ಪಾಲಿತಾಣಾದಲ್ಲಿ ರೀಡು ಮಾಡುವ ಕಸುಬು ಇಂದಿಗೂ ಇದೆ; ಅಲ್ಲಿನ ರೀಡುಗಳು ದೇಶದ ಪೇಟಿಗಳಿಗೆಲ್ಲ ಹೋಗುತ್ತವೆ, ಸಿಗದ ಸಾಮಾನೇನಲ್ಲ. ಮುಂದೆ ಯಾರಾದರೂ ಆ ಪೇಟಿಯನ್ನು ಒಂಟಿಯಾಗಿ, ಬರೀ ತಬಲಾ ಜೊತೆ ನುಡಿಸಬೇಕೆಂದರೆ ಹಳೆಯ ಬೋರ್ಡು ಮತ್ತೆ ಒಳಗೆ ಹೋಗುತ್ತದೆ. ತಬಲಾವನ್ನು ಬೇಕಾದ ಸ್ವರಕ್ಕೆ ಏರಿಸಿಕೊಳ್ಳಬಹುದು, ಹಾಡುವವರ ಗಂಟಲಿಗೆ 435 ಆದರೇನು 440 ಆದರೇನು. ಹೀಗೆ ಮಾಡಿದ ಪೇಟಿಯನ್ನು ಮೂಲ ಕಳಕೊಂಡ ಪೇಟಿ ಎಂದು ಯಾರಾದರೂ ಕರೆದರೆ ಕರೆಯಲಿ. ಅದು ನುಡಿಯುತ್ತಿದೆ, ಕಳೆದದ್ದೇನೂ ಇಲ್ಲ.

ಎರಡನೆಯದು ಹಣದ ಆಕ್ಷೇಪಣೆ. ಹೊಸ ರೀಡು ಬೋರ್ಡು, ತಿದಿಗೆ ಚರ್ಮ, ಪಾಲಿಶ್, ಕುಶಲಿಯ ಕೂಲಿ ಎಲ್ಲ ಸೇರಿದರೆ ಹೊಸ ಕೈಪೇಟಿಯೇ ಬರುತ್ತದಲ್ಲ, ಸಣ್ಣ ಕ್ಯಾಸಿಯೋ ಅಂತೂ ಇನ್ನೂ ಅಗ್ಗ, ಈ ಮುದುಕ ಪೇಟಿಗೆ ಯಾಕೆ ಸುರಿಯಬೇಕು ಎಂದು ಕೇಳುವವರಿದ್ದಾರೆ. ಲೆಕ್ಕ ಸರಿಯಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಬರೀ ಶ್ರುತಿ ಹಿಡಿಯಲು, ಭಜನೆಗೆ, ಮಕ್ಕಳ ಕಲಿಕೆಗೆ ಹೊಸ ಕೈಪೇಟಿ ಧಾರಾಳ ಸಾಕು. ಆದರೆ ಕಾಲಪೇಟಿ ಕೊಡುವ ಒಂದು ಸಂಗತಿಯನ್ನು ಅದು ಕೊಡಲಾರದು. ಕಾಲಿನ ತುಳಿತದ ಹದದಿಂದ ದನಿ ಉಬ್ಬುತ್ತದೆ, ಕುಗ್ಗುತ್ತದೆ, ನಟ ಮಾತಿನಿಂದ ಹಾಡಿಗೆ ಜಾರುವ ಗಳಿಗೆಯಲ್ಲಿ ಅವನ ಉಸಿರಿನ ಜೊತೆ ಉಸಿರು ಬಿಡುತ್ತದೆ, ಅಷ್ಟರಲ್ಲೂ ಎರಡು ಕೈಗಳು ಪಟ್ಟಿಯ ಮೇಲೇ ಇರುತ್ತವೆ. ಏಣಗಿ ಬಾಳಪ್ಪನವರಂಥ ನಟರು ಹಾಡಿ ಬೆಳೆಸಿದ ರಂಗಸಂಗೀತ ಈ ಪೇಟಿಯ ಆಸರೆಯಲ್ಲಿ ರೂಪಗೊಂಡದ್ದು. ಆ ಹಾಡುಗಳನ್ನು ಕ್ಯಾಸಿಯೋದ ಗಟ್ಟಿ ಸ್ವರದ ಮೇಲೆ ಹಾಡಿದಾಗ ಧಾಟಿ ಉಳಿದರೂ ಎಳೆದಾಟ ಉಳಿಯುವುದಿಲ್ಲ. ಆ ಹಾಡುಗಳನ್ನು ಇನ್ನೂ ಹಾಡುವ ಊರಿಗೆ ಈ ಖರ್ಚು ದಂಡವಲ್ಲ. ಹಾಡುವುದನ್ನೇ ಬಿಟ್ಟ ಊರಿಗೆ ದಂಡವೇ, ಅಂಥ ಊರು ಪೇಟಿಯನ್ನು ನುಡಿಸುವವರಿಗೆ ಕೊಟ್ಟುಬಿಡುವುದು ಲೇಸು.

ಹಣದ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು: ಕೆಟ್ಟ ಪೇಟಿಗಳಲ್ಲಿ ಹೆಚ್ಚಿನವಕ್ಕೆ ರೀಡಿನ ರೋಗವೇ ಇರುವುದಿಲ್ಲ. ನಮ್ಮ ಸೀಮೆಯ ಬಿಸಿಲು, ಒಣಗಾಳಿ, ಇಲಿ ಇವು ಪೇಟಿಯ ನಿಜವಾದ ಶತ್ರುಗಳು. ಬೇಸಿಗೆಯಲ್ಲಿ ಮರ ಒಣಗಿ ಜೋಡಣೆಗಳು ಬಾಯಿಬಿಡುತ್ತವೆ, ಮಳೆಗಾಲದಲ್ಲಿ ಉಬ್ಬಿ ಪಟ್ಟಿಗಳು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ತಿದಿಯ ಮಡಿಕೆಗಳ ಚರ್ಮ ಸೀಳುತ್ತದೆ, ಪಟ್ಟಿಯ ಕೆಳಗಿನ ಉಣ್ಣೆಯ ಫೆಲ್ಟನ್ನು ನುಸಿ ತಿನ್ನುತ್ತದೆ, ಸ್ಪ್ರಿಂಗುಗಳು ಸೊರಗುತ್ತವೆ. ಒಳಗೆ ಎಲ್ಲೋ ಗಾಳಿ ಸೋರುತ್ತಿದ್ದರೆ ರೀಡಿಗೆ ಬೇಕಾದ ಒತ್ತಡ ಸಿಗದೆ ಸ್ವರ ಮಂಕಾಗುತ್ತದೆ, ತುಸು ತಪ್ಪುತ್ತದೆ ಕೂಡ. ರೀಡಿನ ಸೀಳಿನಲ್ಲಿ ಸಿಕ್ಕಿದ ಒಂದು ಧೂಳಿನ ಕಣ ಅದರ ಬಾಯಿ ಕಟ್ಟಬಹುದು. ಹೀಗಿರುವಾಗ ಗಾಳಿಯ ಸೋರಿಕೆ ನಿಲ್ಲಿಸುವ ಮೊದಲೇ ರೀಡು ಕೆರೆದು ಸ್ವರ ಕೂಡಿಸಿದರೆ, ಸೋರುವ ಪೇಟಿಗೆ ಹೊಂದಿದ ರೀಡು ಸಿಗುತ್ತದೆ. ಮುಂದಿನ ವರ್ಷ ತಿದಿ ಸರಿಯಾದಾಗ ಸ್ವರ ಮತ್ತೆ ತಪ್ಪುತ್ತದೆ, ಮತ್ತೆ ಕಾನಸು. ದುರಸ್ತಿಯ ಸರಿಯಾದ ಕ್ರಮ ಇದರ ತಿರುವುಮುರುವು: ಮೊದಲು ತಿದಿ, ಆಮೇಲೆ ಗಾಳಿಪೆಟ್ಟಿಗೆ, ಪಟ್ಟಿಗಳ ಕೂರಿಕೆ, ಫೆಲ್ಟು, ಸ್ಪ್ರಿಂಗು, ರೀಡುಗಳಿಗೆ ಮೆತ್ತನೆಯ ಕುಂಚದ ಒರಸು, ಇದೆಲ್ಲ ಆಗಿ ಪೇಟಿ ಕೆಲವು ದಿನ ನುಡಿದು ಮೈ ಹದಕ್ಕೆ ಬಂದ ಮೇಲೆ ಸ್ವರ ಪರೀಕ್ಷೆ. ಅಂಟಿನ ವಿಷಯವೂ ಹೀಗೆಯೇ. ಹಳೆಯ ಬಡಿಗರು ಬಳಸುತ್ತಿದ್ದ ಸರೇಸು ಬಿಸಿ, ತೇವ ಕೊಟ್ಟರೆ ಸಡಿಲಾಗುತ್ತದೆ, ಮುಂದಿನ ದುರಸ್ತಿಯವನಿಗೆ ಜಾಗ ಬಿಡುತ್ತದೆ. ಫೆವಿಕಾಲ್ ಒಮ್ಮೆ ಹಿಡಿದರೆ ಮರ ಕಿತ್ತರೂ ಬಿಡುವುದು ಕಷ್ಟ. ಕುರ್ಚಿಗೆ ಅದು ಒಳ್ಳೆಯದು, ಮತ್ತೆ ಮತ್ತೆ ಬಿಚ್ಚಬೇಕಾದ ಪೇಟಿಗೆ ಅಲ್ಲ. ಹೊರಗಿನ ಬಣ್ಣ, ಪಾಲಿಶ್, ಕಾಲುಗಳ ಆಸರೆ, ಪೆಡಲಿನ ಪಟ್ಟೆ ಇವುಗಳಲ್ಲಿ ನಿಮ್ಮ ರುಚಿಗೆ ಏನು ಬೇಕಾದರೂ ಮಾಡಿ. ಮೈಕಿನ ಬದಲು ಒಳಗೊಂದು ಪಿಕಪ್ಪು ಕೂರಿಸಿ ಆಂಪ್ಲಿಫಯರಿಗೆ ಎಳೆಯುವುದೂ ತಪ್ಪಲ್ಲ, ಗಾಳಿಪೆಟ್ಟಿಗೆಗೆ ತೂತು ಕೊರೆಯದಿದ್ದರೆ ಆಯಿತು.

ಮೂರನೆಯ ಆಕ್ಷೇಪಣೆ ನನ್ನನ್ನು ಹೆಚ್ಚು ಕಾಡಿದ್ದು, ಯಾಕೆಂದರೆ ಅದು ನಮ್ಮ ಮಣ್ಣಿನದು. ಮುಕ್ಕಾದ ಮೂರ್ತಿಯನ್ನು ಹೊಳೆಗೆ ಬಿಡುವ ಜನ ನಾವು. ಕಾಲ ಮುಗಿದದ್ದನ್ನು ಕೂಡಿಟ್ಟು ಪೂಜಿಸುವುದು ಮ್ಯೂಸಿಯಮ್ಮಿನವರ ಕೆಲಸ. ಪೇಟಿಯೂ ತನ್ನ ಕೆಲಸ ಮಾಡಿತು, ಹೋಗಲಿ ಬಿಡಿ, ಬ್ರಿಟಿಷರ ಕಾಲದ ಪೆಟ್ಟಿಗೆಗೆ ಇಷ್ಟು ಮಮಕಾರ ಯಾಕೆ ಎನ್ನುತ್ತಾರೆ. ಬಿಡುವುದರಲ್ಲೂ ಒಂದು ಘನತೆ ಇದೆ, ಒಪ್ಪುತ್ತೇನೆ. ಆದರೆ ಹೊಳೆಗೆ ಬಿಡುವುದು ಮುಕ್ಕಾದ ಮೇಲೆ. ಮುಕ್ಕು ಮಾಡಿ ಬಿಡುವುದಲ್ಲ. ಕೆರೆದು ಕೆಡಿಸಿ, ಆಮೇಲೆ ಹಳೆಯ ಪೇಟಿ ಇನ್ನು ನುಡಿಯದು ಎಂದು ತೀರ್ಪು ಕೊಟ್ಟರೆ ಅದು ಕಾಲದ ಮೇಲೆ ಹೊರಿಸಿದ ಸುಳ್ಳು ದೂರು. ಕೊಪ್ಪಳ ತಾಲೂಕಿನ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂದಾಗ ಕಾಲ ಮುಗಿಯಿತೆಂದು ಹಲವರು ಬರೆದಿಟ್ಟಿದ್ದ ಆಟವೊಂದು ಇದೇ ಜಿಲ್ಲೆಯಲ್ಲಿ ಇನ್ನೂ ಆಡುತ್ತಿತ್ತೆಂಬುದು ಲೋಕಕ್ಕೆ ಗೊತ್ತಾಯಿತು. ಯಾವುದರ ಕಾಲ ಮುಗಿದಿದೆ ಎಂದು ಹೇಳುವ ಅವಸರ ನಮಗೆ ಬೇಡ. ಇನ್ನು ಪರದೇಶದ ವಸ್ತು ಎಂಬ ಮಾತು. ಪ್ಯಾರಿಸ್ಸಿನ ಪೇಟಿಗೆ ಯಾರ ದನಿ ಕೊಡಬೇಕೆಂದು ತೀರ್ಮಾನಿಸಿದವರು ಪ್ಯಾರಿಸ್ಸಿನವರಲ್ಲ, ನಿಜಾಮರ ರಾಯಚೂರು ಜಿಲ್ಲೆಯ ಧೂಳಿನ ಹಾದಿಗಳಲ್ಲಿ ಅದನ್ನು ಬಂಡಿಯ ಮೇಲೆ ಹೊತ್ತು ತಿರುಗಿದ ಮಾಸ್ತರರು. ಆ ಲೆಕ್ಕದಲ್ಲಿ ಅದು ನಮ್ಮದೇ.

ಆದುದರಿಂದ ಅಟ್ಟದಲ್ಲಿ ಕಾಲಪೇಟಿ ಇಟ್ಟುಕೊಂಡಿರುವ ಮನೆಗಳಿಗೆ, ನಾಟ್ಯ ಸಂಘಗಳಿಗೆ, ಗುಡಿಯ ಕಮಿಟಿಗಳಿಗೆ ನನ್ನ ಕೋರಿಕೆ ಇಷ್ಟು. ಪೇಟಿಯನ್ನು ದುರಸ್ತಿಗೆ ಕೊಡುವ ಮೊದಲು ಒಳಗಿನ ರೀಡುಗಳ ಫೋಟೋ ತೆಗೆದಿಡಿ. ತಿದಿ, ಚರ್ಮ, ಫೆಲ್ಟು ಸರಿಪಡಿಸಲು ಹೇಳಿ. ನಿಮ್ಮನ್ನು ಕೇಳದೆ ರೀಡು ಕೆರೆಯಬಾರದು ಎಂದು ಚೀಟಿ ಬರೆದು ಕೊಡಿ. ಬಿರುಕು ಬಿಟ್ಟು ಬದಲಿಸಲೇಬೇಕಾದ ರೀಡನ್ನು ವಾಪಸು ಕೇಳಿ ಪಡೆಯಿರಿ, ಯಾವ ಸ್ವರದ್ದೆಂದು ಬರೆದು ಪೇಟಿಯ ಒಳಗೇ ಇಡಿ. ಪೇಟಿ ಮನೆಗೆ ಬಂದ ದಿನ ಅದನ್ನು ಕ್ಯಾಸಿಯೋ ಜೊತೆ ಕೂಡಿಸಬೇಕೆನಿಸಿದರೆ ಮೊದಲು ಕ್ಯಾಸಿಯೋದ ಟ್ಯೂನಿಂಗನ್ನು 435ಕ್ಕೆ ಇಳಿಸಿ ನೋಡಿ. ಕೂಡದಿದ್ದರೆ ಅಲ್ಲಿಂದ ಒಂದೊಂದೇ ಅಂಕಿ ಮೇಲೆ ಕೆಳಗೆ ಮಾಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.